ಚೊಗರಿನ ದುಪ್ಪಟ್ಟ, ಅರ್ಧ ಲಿಂಬೆಹಣ್ಣು

"ಅಮ್ಮಾ, ಇದ್ರ ಮೇಲೆ ಚೊಗರು ಬಿದ್ದಿತ್ತು. ಲಿಂಬೆಹಣ್ಣು ಹಾಕಿ ತಿಕ್ಕಿದೀನಿ. ಒಂದು ಮೂಲೆ ಹೋಯ್ತು, ಉಳಿದಿದ್ದು ನಾಳೆ ತೆಗೀತೀನಿ."

ಮೊನ್ನೆ ಭಾನುವಾರ ನಮ್ಮನೆಗೆ ಅಡಿಕೆ ಸುಲಿಯಲು ಬರುವ ಅಕ್ಕ ಹೀಗೆಂದು ನನ್ನ ದುಪ್ಪಟ್ಟವನ್ನು ಮಡಚಿ ಕೈಗಿಟ್ಟರು. ಅದನ್ನು ನಾನು ಅಳಲೆಕಾಯಿ ನೀರಿನಲ್ಲಿ ನೆನೆಸಿ, ಹಸಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ನೀರಾದ ಚೊಗರಿನಲ್ಲಿ ಕುದಿಸಿ, ತುಕ್ಕು ಮೊಳೆ ಮತ್ತು ಬೆಲ್ಲ ಹಾಕಿ ವಾರಗಟ್ಟಲೆ ಕೊಳೆಸಿದ ನೀರಿನಲ್ಲಿ ಅದ್ದಿ, ಆಷಾಢದ ಮೋಡದಂಥ ಬಣ್ಣಕ್ಕೆ ತಂದು ತಂತಿಯ ಮೇಲೆ ಹಾಕಿದ್ದೆ. ಈಗ ಅದರ ಒಂದು ಮೂಲೆಯಲ್ಲಿ ಅಂಗೈಯಗಲ ಕೆಂಗಂದು.

"ಅಕ್ಕಾ, ಅದು ಬಿದ್ದಿದ್ದಲ್ಲ. ನಾನೇ ಹಾಕಿದ್ದು."

"ಯಾಕೆ?"

ಅದರಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನೈಸರ್ಗಿಕ ಬಣ್ಣ, ಪರಿಸರ, ಪರಂಪರೆ ಅಂತೆಲ್ಲ ಹೇಳಬಹುದಿತ್ತು. ಪೇಟೆಯಿಂದ ಬಂದ ಗೆಳತಿಯರ ಮುಂದೆ ಧಾರಾಳವಾಗಿ ಹೇಳಿದ್ದೇನೆ ಕೂಡ. ಮೆಟ್ಟುಗತ್ತಿಯ ಮುಂದೆ ಕೂತು ಕೈಯೆಲ್ಲ ಕಪ್ಪಾದವರ ಮುಂದೆ ನಾಲಿಗೆ ಏಳಲಿಲ್ಲ. ಈ ವಾರವಿಡೀ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಆ 'ಯಾಕೆ' ಮತ್ತೆ ಮತ್ತೆ ಕೇಳಿಸುತ್ತಿದೆ.

ಹಸಿ ಅಡಿಕೆ ಸುಲಿದವರಿಗೆ ಗೊತ್ತು, ಅದರ ಒಗರು ರಸ ಕತ್ತಿಯ ಕಬ್ಬಿಣಕ್ಕೆ ತಾಗಿ ಬೆರಳು, ಉಗುರು, ಅಂಗೈಗೆರೆಗಳೆಲ್ಲ ಕಪ್ಪಾಗುತ್ತವೆ. ಸುಗ್ಗಿ ಮುಗಿದು ಎಷ್ಟೋ ದಿನ ಹಾಗೇ ಇರುತ್ತವೆ. ನಾನು ಡಬ್ಬದಲ್ಲಿ ಮೊಳೆ ಕೊಳೆಸಿ ಮಾಡಿದ್ದೂ ಅದನ್ನೇ. ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು, ಹುಳಿ ಬಿದ್ದರೆ ಆ ಕಪ್ಪು ಬಿಡುತ್ತದೆ. ಇಷ್ಟನ್ನು ನಾನು ಪುಸ್ತಕ, ವಿಡಿಯೋ, ಒಂದು ಕಾರ್ಯಾಗಾರದ ಶುಲ್ಕ ಎಲ್ಲ ಸೇರಿಸಿ ಕಲಿತೆ. ಅಕ್ಕ ಅರ್ಧ ಲಿಂಬೆಹಣ್ಣಿನಲ್ಲಿ ಮಾಡಿ ತೋರಿಸಿದರು. ಕಾರ್ಯಾಗಾರ ನಡೆಸಿದವರು ಕೈಗವಸು ಹಾಕಿಕೊಂಡೇ ಪಾಠ ಮಾಡಿದ್ದರು ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಈ ಹುಚ್ಚು ಹತ್ತಿದ್ದು ಕಳೆದ ಮಳೆಗಾಲದಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಿನ ಕಾಡುಗಳಿಗೆ ಗಿಡ ನೋಡಲು ಹೋಗುವ ನಾಲ್ಕಾರು ಜನರ ಜೊತೆ ಸೇರಿದ ಮೇಲೆ. ಗುಂಪಿನಲ್ಲಿ ನಿವೃತ್ತ ಬಾಟನಿ ಮೇಷ್ಟ್ರೊಬ್ಬರಿದ್ದಾರೆ. ಲ್ಯಾಟಿನ್ ಹೆಸರು ಹೇಳದೆ ಒಂದು ಹುಲ್ಲುಕಡ್ಡಿಯನ್ನೂ ದಾಟುವವರಲ್ಲ, ಉಂಬಳ ಕಾಲಿಗೆ ಹತ್ತಿದರೂ ಪಾಠ ನಿಲ್ಲದು. ಆದರೆ ಮಂಜಿಷ್ಠವನ್ನು ಅವರು ತೋರಿಸಿದ ರೀತಿಯನ್ನು ಮರೆಯಲಾರೆ. ಪೊದೆಗೆ ಹಬ್ಬಿದ ಬಳ್ಳಿಯ ಮೇಲೆ ನನ್ನ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಎಳೆಸಿದರು. ಕಾಂಡ ಚೌಕ, ಗೆಣ್ಣಿಗೆ ನಾಲ್ಕು ಎಲೆ, ಸಣ್ಣ ಮುಳ್ಳುಗಳೆಲ್ಲ ಕೆಳಮುಖ. ಬುಡದ ಮಣ್ಣು ಸ್ವಲ್ಪ ಸರಿಸಿದಾಗ ಕೆಂಪು ಬೇರು ಕಂಡಿತು. ನಾನು ಕೈ ಹಾಕುವ ಮೊದಲೇ ಮಣ್ಣು ಮುಚ್ಚಿ, "ಬೇರು ಬೇಕಾದ್ರೆ ಗ್ರಂಥಿಗೆ ಅಂಗಡಿಗೆ ಹೋಗಿ. ಇಲ್ಲಿ ಕಿತ್ತರೆ ಇನ್ನೊಂದ್ಸಲ ನಿಮ್ಮನ್ನ ಕರ್ಕೊಂಡು ಬರೋದಿಲ್ಲ" ಅಂದರು. ಎಲ್ಲರೆದುರು ಹಾಗಂದದ್ದಕ್ಕೆ ಸಿಟ್ಟು ಬಂತು. ಅಂಗಡಿಯ ಬೇರೂ ಯಾವುದೋ ಕಾಡಿನದೇ ಅಲ್ಲವೇ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಆಮೇಲೆ ಉದುರಿದ್ದನ್ನು ಆರಿಸುವುದೇ ರೂಢಿಯಾಯಿತು. ಬೇಸಿಗೆಗೆ ಮುಂಚೆ ಬಯಲುಸೀಮೆಯ ಕಡೆ ಹೋದಾಗ ಮುತ್ತುಗದ ಹೂ, ಕಾಡಂಚಿನಲ್ಲಿ ಅಳಲೆಕಾಯಿ. ಕುಂಕುಮದ ಮರದ ಕಾಯಿ ಉಜ್ಜಿದರೆ ಉದುರುವ ಕೆಂಪು ಪುಡಿ ರೇಷ್ಮೆಗೆ ಕಿತ್ತಳೆ ಬಣ್ಣ ಕೊಟ್ಟಿತು, ಹತ್ತಿಯ ಹತ್ತಿರ ಸುಳಿಯಲಿಲ್ಲ. ಅರಿಶಿನ ಬಿಸಿಲಿಗೆ ಹಾರಿತು, ಪಾರಿಜಾತದ ತೊಟ್ಟಿನ ಬಣ್ಣ ಅದಕ್ಕಿಂತ ಬೇಗ. ನಿಂತದ್ದು ಮನೆಯ ಹಂಡೆಯಲ್ಲೇ ಇದ್ದ ಚೊಗರು. ಹೊಸ ವಿದ್ಯೆಯೇನಲ್ಲ ಇದು. ಹೆಗ್ಗೋಡಿನ ಪಕ್ಕ ಭೀಮನಕೋಣೆಯ ಕೈಮಗ್ಗದ ಸಹಕಾರ ಸಂಘ 'ಚರಕ'ದ ಹೆಣ್ಣುಮಕ್ಕಳು ಎಷ್ಟೋ ವರ್ಷಗಳಿಂದ ಇದೇ ಚೊಗರಿನಿಂದ ಬಣ್ಣ ಕಟ್ಟುತ್ತಿದ್ದಾರೆ. ಒಂದು ದುಪ್ಪಟ್ಟಕ್ಕೆ ಎಷ್ಟು ಕೊಡ ನೀರು, ಎಷ್ಟು ಸೌದೆ ಬೇಕೆಂದು ಗೊತ್ತಾದ ಮೇಲೆ 'ನೈಸರ್ಗಿಕ' ಅನ್ನುವಾಗ ನನ್ನ ದನಿ ಸ್ವಲ್ಪ ತಗ್ಗಿದೆ.

ಅಕ್ಕನ 'ಯಾಕೆ'ಯ ಹಿಂದೆ ಇನ್ನೊಂದು ವಿಷಯವಿದೆ. ಅಡಿಕೆ ಸುಲಿಯಲು ಅವರಿಗೊಂದು ಪ್ರತ್ಯೇಕ ಸೀರೆ, ಮೂಲ ಬಣ್ಣ ಯಾವುದೆಂದು ಯಾರಿಗೂ ತಿಳಿಯದ್ದು. ಜಾತ್ರೆಗೆ ಹೊರಟರೆ ಮಾತ್ರ ಕಣ್ಣು ಕುಕ್ಕುವ ಗಿಳಿಹಸಿರು, ಕಾರ್ಖಾನೆಯ ಬಣ್ಣದ್ದು. ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ 1856ರಲ್ಲಿ ಕ್ವಿನೈನ್ ಮಾಡಲು ಹೋಗಿ ಕಲ್ಲಿದ್ದಲ ಡಾಂಬರಿನ ಸರಕಿನಿಂದ ನೇರಳೆ ಬಣ್ಣ ತೆಗೆದ. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು, ನೀಲಿ ಗಿಡದ ಬೇಸಾಯ ಮುಗಿಯುತ್ತಾ ಬಂತು. ನಾವು ಈ ಕಥೆಯನ್ನು ನಷ್ಟದ ಕಥೆಯಾಗಿಯೇ ಹೇಳುತ್ತೇವೆ. ಕಾಡಿಗೂ ಹೊಳೆಗೂ ಆದ ನಷ್ಟ ಸುಳ್ಳಲ್ಲ. ಆದರೆ ವರ್ಷವಿಡೀ ಮಣ್ಣು, ಮಸಿ, ಚೊಗರಿನ ಬಣ್ಣಗಳಲ್ಲೇ ದುಡಿಯುವವರಿಗೆ ತೊಳೆದರೂ ಹೋಗದ, ಕೈಗೆಟಕುವ ಬೆಲೆಯ ಗಿಳಿಹಸಿರು ಏನಾಗಿತ್ತು ಅನ್ನುವುದನ್ನು ಆ ಕಥೆ ಹೇಳುವುದಿಲ್ಲ. ಕಂದು, ಬೂದು, ಮಾಸಲು ಬಣ್ಣಗಳು ಚೆಂದ ಅನ್ನಿಸಬೇಕಾದರೆ ಅವುಗಳಿಂದ ಸ್ವಲ್ಪ ದೂರ ಇರಬೇಕೇನೋ. ನನಗೆ ಆ ದೂರವಿದೆ. ಸುಲಿಯುವವರ ಸಾಲಿನಲ್ಲಿ ನಾನು ಕೂರುವುದು ಫೋಟೋ ತೆಗೆಯುವಷ್ಟು ಹೊತ್ತು.

ದುಪ್ಪಟ್ಟವನ್ನು ಮತ್ತೆ ಮೊಳೆ ನೀರಿಗೆ ಹಾಕಿ ಸರಿಮಾಡಬಹುದಿತ್ತು. ಮಾಡಿಲ್ಲ, ಮಾಡುವ ಮನಸ್ಸೂ ಇಲ್ಲ. ಗುರುವಾರ ಅಕ್ಕ ತಾವಾಗಿಯೇ ಮಾತು ತೆಗೆದರು.

"ಅಮ್ಮಾ, ಗಿಡದಿಂದ ಬಣ್ಣ ತೆಗೀತೀರಂತಲ್ಲ. ನಂದೊಂದು ಹಸಿರು ಸೀರೆ ಮಾಸಿದೆ, ಹಾಕಿಕೊಡ್ತೀರಾ?"

ಎಲೆಯ ಹಸಿರು ಬಟ್ಟೆಗೆ ನಿಲ್ಲುವುದಿಲ್ಲ, ಮೊದಲು ಹಳದಿ ಹಾಕಿ ಅದರ ಮೇಲೆ ನೀಲಿ ಹಾಕಬೇಕು ಎಂದು ವಿವರಿಸಿದೆ.

"ಇಷ್ಟು ಕಾಡು ಇಟ್ಕೊಂಡು ಹಸಿರು ಬಣ್ಣ ಇಲ್ವಾ?" ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮರುದಿನ ಸೀರೆ ತಂದರು. ಅಪ್ಪಟ ಪಾಲಿಯೆಸ್ಟರ್. ಗಿಡದ ಬಣ್ಣ ಇದಕ್ಕೆ ಹತ್ತುವುದಿಲ್ಲ, ಬೇಕಾದರೆ ಹತ್ತಿ ಸೀರೆಯೊಂದಕ್ಕೆ ಹಾಕಿಕೊಡುತ್ತೇನೆ ಅಂದೆ.

"ಹತ್ತಿ ಸೀರೆನಾ? ಮಳೆಗಾಲದಲ್ಲಿ ಒಣಗಿಸೋರು ಯಾರು?" ಎಂದು ಸೀರೆಯನ್ನು ಚೀಲಕ್ಕೆ ತುರುಕಿ ಕತ್ತಿಯ ಮುಂದೆ ಕೂತರು.