ಕಬ್ಬನ್ ರಸ್ತೆಯ ಪೈಪ್ ಆರ್ಗನ್

ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ಕಬ್ಬನ್ ರಸ್ತೆ ಹಿಡಿದರೆ ಸೇಂಟ್ ಆಂಡ್ರೂಸ್ ಚರ್ಚ್ ಸಿಗುತ್ತದೆ. ಕೆಂಪು ಕಟ್ಟಡ, ಮೇಲೆ ಗಡಿಯಾರದ ಗೋಪುರ. ಶಿವಮೊಗ್ಗದಿಂದ ಬಂದಿದ್ದ ನಮ್ಮ ಭಾವನಿಗೆ ಅಲ್ಲಿನ ಪೈಪ್ ಆರ್ಗನ್, ಅಂದರೆ ಸಾಲು ಕೊಳವೆಗಳಿಗೆ ಗಾಳಿ ಬಿಟ್ಟು ನುಡಿಸುವ ದೊಡ್ಡ ವಾದ್ಯ, ಹತ್ತಿರದಿಂದ ನೋಡುವ ಆಸೆ. ಅವರು ಊರಿನ ಭಜನೆಗೆ ಹಾರ್ಮೋನಿಯಂ ನುಡಿಸುವವರು. ಮೊದಲೇ ಕೇಳಿಕೊಂಡು, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಹೋದೆವು.

ಇದು ದಂಡು ಪ್ರದೇಶದ ಸ್ಕಾಟ್ಲೆಂಡಿನವರ ಚರ್ಚ್. 1864ರಲ್ಲಿ ಅಡಿಗಲ್ಲು, 1866ರಲ್ಲಿ ಪ್ರಾರ್ಥನೆ ಶುರು. ತಮಾಷೆ ನೋಡಿ, ಅದಕ್ಕೆ ಸ್ವಲ್ಪ ಹಿಂದಿನವರೆಗೂ ಅವರ ನಾಡಿನ ಚರ್ಚ್‌ಗಳಲ್ಲಿ ಆರ್ಗನ್ ಸೇರುತ್ತಲೇ ಇರಲಿಲ್ಲ. ದೇವರನ್ನು ಬಾಯಲ್ಲಿ ಹಾಡಿದರೆ ಸಾಕು, ವಾದ್ಯ ಯಾಕೆ ಅನ್ನುವ ಜನ. ಎಡಿನ್‌ಬರೋದ ಓಲ್ಡ್ ಗ್ರೇಫ್ರೈಯರ್ಸ್ ಚರ್ಚ್‌ನಲ್ಲಿ ಪಾದ್ರಿ ರಾಬರ್ಟ್ ಲೀ 1863ರಲ್ಲಿ ಮೊದಲು ತಂದಿಟ್ಟದ್ದು ಹಾರ್ಮೋನಿಯಂ. 1865ರಲ್ಲಿ ಆರ್ಗನ್ ಬಂತು. ಜಗಳವೂ ಜೋರಾಗೇ ನಡೆಯಿತು.

"ಅಂದ್ರೆ ನಮ್ ಪೆಟ್ಟಿಗೇನೇ ಮುಂದೆ ಹೋಗಿ ಬಾಗಿಲು ತೆಗೆದಿದ್ದು!" ಭಾವನ ಮುಖ ಅರಳಿತು.

ಆದರೆ ಎರಡರ ಒಳಗುಟ್ಟು ಬೇರೆ. ಹಾರ್ಮೋನಿಯಂನಲ್ಲಿ ರೀಡ್ ಅನ್ನುವ ತೆಳು ಹಿತ್ತಾಳೆ ಪಟ್ಟಿ ಅದುರಿ ಸ್ವರ ಹುಟ್ಟುತ್ತದೆ. ಆರ್ಗನ್‌ನ ಹೆಚ್ಚಿನ ಕೊಳವೆಗಳಲ್ಲಿ ಅದುರುವ ತುಂಡೇ ಇಲ್ಲ. ಕೊಳಲಿನ ಹಾಗೆ ಗಾಳಿ ಅಂಚಿಗೆ ಬಡಿದರೆ ಆಯಿತು. ಚರ್ಚ್‌ನಲ್ಲಿ ಆರ್ಗನ್ ನುಡಿಸುವವರು ಪಕ್ಕದ ಒಂದು ಹಿಡಿಯನ್ನು ಎಳೆದು ತೋರಿಸಿದರು. ಅದೇ ಸ್ಟಾಪ್. ಒಂದೊಂದು ಸ್ಟಾಪ್‌ಗೂ ಒಂದೊಂದು ಸಾಲು ಕೊಳವೆ. ಸ್ಟಾಪ್ ಮೇಲೆ 8 ಅಂತ ಇದ್ದರೆ ಆ ಸಾಲಿನ ಅತಿ ಕೆಳಗಿನ ಸ್ವರಕ್ಕೆ ಸುಮಾರು 8 ಅಡಿ ಕೊಳವೆ ಬೇಕು ಅಂತ ಲೆಕ್ಕ. 4 ಅಂದರೆ ಒಂದು ಸ್ಥಾಯಿ ಮೇಲೆ, 16 ಅಂದರೆ ಒಂದು ಸ್ಥಾಯಿ ಕೆಳಗೆ. ಜಾಗ ಕಡಿಮೆ ಇರುವ ಪುಟ್ಟ ಚಾಪೆಲ್‌ಗಳಲ್ಲಿ ಏನು ಮಾಡುತ್ತಾರೆ? ಕೊಳವೆಯ ಮೇಲ್ತುದಿ ಮುಚ್ಚಿಬಿಡುತ್ತಾರೆ. ಅರ್ಧ ಉದ್ದದಲ್ಲೇ ಅದೇ ಸ್ವರ ಬರುತ್ತದೆ! ನನಗಂತೂ ಇಡೀ ವಾದ್ಯದಲ್ಲಿ ತುಂಬಾ ಹಿಡಿಸಿದ್ದು ಈ ಉಪಾಯ.

ಈಗ ಆರ್ಗನ್‌ಗಳಿಗೆ ಗಾಳಿ ತುಂಬುವುದು ಕರೆಂಟಿನ ಬ್ಲೋವರ್. ಬೆಂಗಳೂರಿಗೆ ಶಿವನಸಮುದ್ರದ ಕರೆಂಟ್ ಬಂದದ್ದೇ 1905ರಲ್ಲಿ. ಕರೆಂಟಿಗೂ ಮುಂಚೆ ಸಾಮಾನ್ಯವಾಗಿ ತಿದಿ ಒತ್ತಲು ಆಳೊಬ್ಬ ಬೇಕಿತ್ತು. ಬಿಸಿಲಿಗೆ ಕೊಳವೆಯ ಶ್ರುತಿ ಏರುತ್ತದೆ, ಆದರೆ ರೀಡ್ ಇರುವ ಕೊಳವೆಗಳು ಅಷ್ಟಾಗಿ ಜಗ್ಗುವುದಿಲ್ಲ. ಹೀಗಾಗಿ ಬೇಸಿಗೆಯಲ್ಲಿ ಎರಡೂ ಜಗಳಕ್ಕೆ ಬೀಳುತ್ತವೆ.

ಭಾವನಿಗೂ ಕೂರಲು ಅವಕಾಶ ಸಿಕ್ಕಿತು. ಬಲಗೈ ಸರಿಯಾಗೇ ಸರಿಗಮ ಹಿಡಿಯಿತು. ಎಡಗೈ ಮಾತ್ರ ಸುಮ್ನೆ ತಿದಿ ಹುಡುಕುತ್ತಿತ್ತು. ನುಡಿಸುವವರು ನಗುತ್ತಾ ಕಾಲ ಬಳಿ ಇದ್ದ ಮರದ ಪೆಡಲ್ ಸಾಲು ತೋರಿಸಿ, "ಇದನ್ನೂ ನುಡಿಸಬೇಕು ಸಾರ್" ಅಂದರು.

"ಕಾಲಲ್ಲೂನಾ? ಆಗಲ್ಲಪ್ಪ," ಅಂತ ಭಾವ ಎದ್ದೇಬಿಟ್ಟರು. "ನಡಿ, ಕಾಫಿ ಕುಡಿಯೋಣ."