ಕ್ಯಾನ್ ನೀರು, ಡ್ರಮ್ ನೀರು

ಪಾವಗಡ ತಾಲ್ಲೂಕಿನ ಹಳ್ಳಿಗಳಿಗೆ ಬಾಟಲಿ, ಟ್ಯಾಬ್ ಹಿಡಿದುಕೊಂಡು ಹೋದರೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ, "ತುಂಗಭದ್ರಾ ನೀರು ತರೋರು ನೀವೇನಾ?" ಅಲ್ಲ ಅಂದ ತಕ್ಷಣ ಇನ್ನೊಂದು. "ಮತ್ತೆ ಯಾಕೆ ಬಂದ್ರಿ? ಹೋದ ಸಲ ಬಂದೋರು ಉಚ್ಚೆ ಬಾಟಲಿ ತಗೊಂಡು ಹೋದ್ರು, ರಿಸಲ್ಟೇ ಕೊಡಲಿಲ್ಲ."

ಹೋದ ಸಲ ಬಂದವರು ನಾವಲ್ಲ. ಆದರೆ ಅವರ ಕಣ್ಣಿಗೆ ಎಲ್ಲರೂ ಒಂದೇ, ಅದರಲ್ಲಿ ತಪ್ಪೇನಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು, ಮೂಳೆ ಕೆಡುವ ಫ್ಲೋರೋಸಿಸ್ ಈ ಸೀಮೆಗೆ ಹೊಸ ಸುದ್ದಿ ಅಲ್ಲ. ಆಂಧ್ರದ ನೆಲ್ಲೂರು ಕಡೆ 1937ರಲ್ಲೇ ಇದನ್ನು ಗುರುತಿಸಿದ್ದರು. ಕೇಂದ್ರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ 2008-09ರಲ್ಲಿ ಶುರುವಾಯಿತು. ಸೊಂಟ ಬಗ್ಗಿಸೋಕೆ ಆಗದ ಅಜ್ಜ, ಕಂದು ಗೆರೆಯ ಹಲ್ಲಿನ ಮೊಮ್ಮಗ ಇಬ್ಬರೂ ಒಂದೇ ಜಗಲಿಯಲ್ಲಿ ಕೂತಿರುತ್ತಾರೆ. ನಾವು ಹೋಗಿ ಅವರಿಗೇ ಫ್ಲೋರೈಡ್ ಅಂದರೇನು ಅಂತ ಚಾರ್ಟ್ ತೋರಿಸುತ್ತೇವೆ!

ಮಕ್ಕಳಲ್ಲಿ ಈ ಫ್ಲೋರೈಡ್ ಎಷ್ಟಿದೆ ಅಂತ ನೋಡುವ ಒಂದು ಸ್ಟಡಿಯಲ್ಲಿ ನಾನು ಫೀಲ್ಡ್ ಸೂಪರ್‌ವೈಸರ್. 6ರಿಂದ 11 ವರ್ಷದ ಶಾಲಾ ಮಕ್ಕಳು, ಹಲ್ಲಿನ ಕಲೆ ಎಷ್ಟು ಅಂತ ಡೀನ್ಸ್ ಇಂಡೆಕ್ಸ್‌ನಲ್ಲಿ ಸ್ಕೋರು, ಸ್ಪಾಟ್ ಯೂರಿನ್ (ಒಂದು ಸಲದ ಮೂತ್ರ), ಮನೆಯಿಂದ ಒಂದು ನೀರಿನ ಸ್ಯಾಂಪಲ್. ಮಾಹಿತಿ ತುಂಬುವ ಫಾರ್ಮ್, ಅಂದರೆ ಸಿಆರ್‌ಎಫ್, ಬೆಂಗಳೂರಿನಲ್ಲಿ ತಯಾರಾಗಿ ಬಂತು. ಅದರಲ್ಲಿ ಕುಡಿಯುವ ನೀರಿನ ಮೂಲ ಯಾವುದು ಅಂತ ಒಂದು ಡ್ರಾಪ್‌ಡೌನ್. ಬೋರ್‌ವೆಲ್, ಆರ್‌ಓ ಘಟಕ, ಟ್ಯಾಂಕರ್, ಬಾವಿ. ಒಂದನ್ನೇ ಒತ್ತಬೇಕು. ಎರಡು ಒತ್ತಿದರೆ ಟ್ಯಾಬ್ ಕೆಂಪಾಗುತ್ತೆ, ಸಿಂಕ್ ಆಗಲ್ಲ.

ಒಪ್ಪಿಗೆ ಪತ್ರದ ಕಥೆ ಬೇರೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದಿದ್ದು ಮಾತ್ರ ಕನ್ನಡ ಶಾಲೆಯಲ್ಲಿ. ಐಇಸಿ (ಎಥಿಕ್ಸ್ ಸಮಿತಿ) ತೆಲುಗು ಲಿಪಿಯಲ್ಲಿ ಪತ್ರ ಬೇಕು ಅಂದಿತು. ಕಟ್ಟುಗಟ್ಟಲೆ ಪ್ರಿಂಟಾಯಿತು, ಓದುವವರು ಸಿಗಲಿಲ್ಲ. ಕನ್ನಡ ಪತ್ರ ಕೈಗೆ ಕೊಟ್ಟು, ತೆಲುಗಿನಲ್ಲಿ ಬಾಯಲ್ಲಿ ಹೇಳಿ, ಸಾಕ್ಷಿ ಸಹಿ ಹಾಕಿಸಿ ಮುಂದೆ ಹೋದೆವು.

ಗಲಾಟೆ ಶುರುವಾಗಿದ್ದು ನಾಗಲಮಡಿಕೆ ಹೋಬಳಿಯ ಒಂದು ಹಳ್ಳಿಯಿಂದ. ಮನೆಮನೆಯಿಂದ ತಂದ ನೀರು ಚಿನ್ನದಂಥದ್ದು. ಕುಡಿಯುವ ನೀರಿನ ಫ್ಲೋರೈಡಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಗತಿ ಇಲ್ಲದಿದ್ದರೆ 1.5. ಇಲ್ಲಿ ಬಂದದ್ದು ಅದರ ಅರ್ಧ ಕೂಡ ಇಲ್ಲ. ಆದರೆ ಮಕ್ಕಳ ಹಲ್ಲು ನೋಡಿದರೆ ಮಾಡರೇಟ್ ಸಾಲು ಸಾಲು, ಅಲ್ಲೊಂದು ಇಲ್ಲೊಂದು ಸಿವಿಯರ್.

ಅದಕ್ಕೆ ಸ್ಟಡಿಯ ಮುಖ್ಯಸ್ಥರಾದ ಪಿಐ ಹತ್ತಿರ ಉತ್ತರ ಇತ್ತು. ಹಲ್ಲಿನ ಮೇಲ್ಪದರ, ಎನಾಮಲ್, ಕೂಡುವುದು ಮಗು ಚಿಕ್ಕದಿರುವಾಗ. ಆಗ ಊರಿಗೆ ಆರ್‌ಓ ಘಟಕ ಬಂದಿರಲಿಲ್ಲ. ಹಲ್ಲು ಹಳೇ ನೀರಿನ ಕಥೆ ಹೇಳುತ್ತೆ, ಬಾಟಲಿ ಹೊಸ ನೀರಿನದ್ದು. ಸರಿಯಾದ ಮಾತೇ. ಎಲ್ಲರೂ ನಿರಾಳವಾದೆವು.

ಆಮೇಲೆ ಯೂರಿನ್ ರಿಪೋರ್ಟ್ ಬಂತು. ಮೂತ್ರ ಹಳೇ ಕಥೆ ಹೇಳಲ್ಲ. ಈಗ ಒಳಗೆ ಹೋಗಿದ್ದನ್ನೇ ಹೆಚ್ಚುಕಡಿಮೆ ತೋರಿಸುತ್ತೆ. ಅದು ಸಿಕ್ಕಾಪಟ್ಟೆ ಜಾಸ್ತಿ ಇತ್ತು.

ಆ ಸಂಜೆಯ ಜೂಮ್ ಮೀಟಿಂಗ್ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ. ಪಾವಗಡ ಟೌನಿನಲ್ಲಿ ನಾವು ಹಿಡಿದಿದ್ದ ಬಾಡಿಗೆ ರೂಮೇ ಲ್ಯಾಬು, ಅದೇ ಆಫೀಸು. ಟೇಬಲ್ಲಿನ ಆ ತುದಿಗೆ ಲ್ಯಾಬ್ ಟೆಕ್ನಿಷಿಯನ್ ಮರುದಿನಕ್ಕೆ ಟಿಸ್ಯಾಬ್ ಕಲೆಸುತ್ತಿದ್ದ, ಎಲೆಕ್ಟ್ರೋಡಿನಲ್ಲಿ ಫ್ಲೋರೈಡ್ ಅಳೆಯುವ ಮುಂಚೆ ಸ್ಯಾಂಪಲ್ಲಿಗೆ ಬೆರೆಸುವ ದ್ರಾವಣ ಅದು. ಈ ತುದಿಗೆ ಲ್ಯಾಪ್‌ಟಾಪ್, ಸ್ಪೀಕರ್ ಆನ್. "ಡೇಟಾ ಒಂದಕ್ಕೊಂದು ಹೊಂದುತ್ತಿಲ್ಲ, ಫೀಲ್ಡ್ ಏನು ಹೇಳುತ್ತೆ?" ಅಂದರು ಪಿಐ. ಫೀಲ್ಡ್ ಅಂದರೆ ನಾನು. ಎಲ್ಲರೂ ಮ್ಯೂಟ್.

ನಾನು ಹೇಳಿದೆ. "ಸಾರ್, ನನಗೆ ಎಲೆಕ್ಟ್ರೋಡ್ ಮೇಲೇ ಅನುಮಾನ. ಕರೆಂಟ್ ಹೋಗಿ ಬಂದು ಮಾಡುತ್ತೆ, ರೂಮು ಕಾದಿರುತ್ತೆ. ಡ್ರಿಫ್ಟ್ ಆಗಿ ಅಳತೆ ತಪ್ಪಿರಬೇಕು."

ಟಿಸ್ಯಾಬ್ ಕಲೆಸುವ ಸದ್ದು ನಿಂತಿತು. ಅವನು ಎದ್ದು ಹೋಗಿ ಕ್ಯಾಲಿಬ್ರೇಷನ್ ರಿಜಿಸ್ಟರ್ ತಂದು, ಪುಟ ತೆರೆದು, ನನ್ನ ಕೀಬೋರ್ಡ್ ಪಕ್ಕ ಇಟ್ಟ. ಪ್ರತಿ ಬೆಳಗಿನ ಸ್ಲೋಪ್ ಅಲ್ಲಿತ್ತು. 57, 58, 58, 57. ಸ್ಲೋಪ್ 54ರಿಂದ 60ರ ಒಳಗಿದ್ದರೆ ಎಲೆಕ್ಟ್ರೋಡ್ ಸರಿ ಅಂತಲೇ ಲೆಕ್ಕ. ಕ್ಯಾಮೆರಾ ಆಫ್ ಇತ್ತು, ಅಲ್ಲಿದ್ದವರಿಗೆ ಇದ್ಯಾವುದೂ ಕಾಣಲಿಲ್ಲ. ನಾನು ರಿಜಿಸ್ಟರ್ ಕಡೆ ಕಣ್ಣು ಹಾಯಿಸಿ, ಮತ್ತೆ ಸ್ಕ್ರೀನ್ ನೋಡಿ, "ಇಡೀ ಬ್ಯಾಚ್ ರೀರನ್ ಮಾಡಿಸ್ತೀನಿ ಸಾರ್" ಅಂದೆ. ಪುಟ ಓದಿ ಹೇಳೋಕೆ ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ. ಸಿಆರ್‌ಎಫ್ ಟ್ರೈನಿಂಗ್ ಕೊಟ್ಟವಳು ನಾನು, ಸ್ಯಾಂಪಲ್ ತಂದವರು ನನ್ನ ಹುಡುಗರು. ಆ ರೂಮಿನಲ್ಲಿ ನನ್ನದಲ್ಲದ್ದು ಅಂತ ಇದ್ದದ್ದು ಆ ಎಲೆಕ್ಟ್ರೋಡ್ ಒಂದೇ.

ಅವನು ರೀರನ್ ಮಾಡಿದ. ಅದೇ ಅಂಕಿಗಳು. ಪ್ರಿಂಟ್ ನನ್ನ ಟೇಬಲ್ ಮೇಲೆ ಇಟ್ಟು ಊಟಕ್ಕೆ ಹೋದ. ಆಮೇಲೆ ನಾನು ಸಾರಿ ಕೇಳಿದ್ದಕ್ಕೆ "ಪರವಾಗಿಲ್ಲ ಮೇಡಂ" ಅಂದ. ಆದರೆ ಅವತ್ತಿನಿಂದ ದಿನಾ ಬೆಳಗ್ಗೆ ಮೀಟರ್‌ನ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ, ನನ್ನನ್ನೇ ಟ್ಯಾಗ್ ಮಾಡಿ. ನಾನೂ ದಿನಾ ಹೆಬ್ಬೆಟ್ಟು ಒತ್ತುತ್ತೇನೆ.

ಗುಟ್ಟು ಬಯಲಾದದ್ದು ರಿಪೀಟ್ ಸ್ಯಾಂಪಲಿಂಗಿಗೆ ಹೋದಾಗ. ಒಂದು ಮನೆಯ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಆರ್‌ಓ ನೀರಿನ 20 ಲೀಟರ್ ಕ್ಯಾನ್, ಮೇಲೆ ಬಿಳೀ ಬಟ್ಟೆ, ಅದರ ಮೇಲೆ ತೊಳೆದಿಟ್ಟ ಲೋಟ. ನಮ್ಮ ಬಾಟಲಿ ತುಂಬಿದ್ದು ಅದರಿಂದಲೇ. ಮೊದಲ ಸಲವೂ ಅದರಿಂದಲೇ ತುಂಬಿತ್ತು. ಬಿಸಿಲಿಗೆ ನನಗೆ ತಲೆ ಸುತ್ತುತ್ತಿತ್ತು. ಸ್ವಲ್ಪ ಕೂರಮ್ಮ ಅಂತ ಅಜ್ಜಿ ಒಳಗೆ ಕರೆದರು. ಒಲೆ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಕಡಿಮೆಯಾಯಿತು ಅಂತ ಅಜ್ಜಿ ಇನ್ನೊಂದು ಚೊಂಬು ಸುರಿದರು. ಮೊಗೆದದ್ದು ಮೂಲೆಯಲ್ಲಿದ್ದ ನೀಲಿ ಡ್ರಮ್ಮಿನಿಂದ.

"ಅದು ಯಾವ ನೀರಜ್ಜಿ?"

"ನಲ್ಲಿದು. ಅಡುಗೆಗೆಲ್ಲ ಇದೇ. ಕ್ಯಾನ್ ನೀರು ಕುಡಿಯೋಕೆ. ಯಾರಾದ್ರೂ ಬಂದ್ರೆ ಕೊಡೋಕೆ."

"ಮಕ್ಕಳು?"

"ಯಾವುದು ಕೈಗೆ ಸಿಕ್ರೆ ಅದು."

ಬಂದವರಿಗೆ ಒಳ್ಳೇ ನೀರು ಕೊಡಬೇಕು ಅನ್ನುವ ಮರ್ಯಾದೆ ಅದು. ನಾವು ಬಾಟಲಿ ಹಿಡಿದು ಬಂದ ನೆಂಟರು. ಪ್ರತಿ ಮನೆಯವರೂ ನಮಗೆ ಒಳ್ಳೇ ನೀರನ್ನೇ ಕೊಟ್ಟಿದ್ದರು, ನಾವು ಅದನ್ನೇ ಎಕ್ಸ್‌ಪೋಷರ್, ಅಂದರೆ ಮಕ್ಕಳ ಒಳಗೆ ಹೋಗುವ ನೀರು, ಅಂತ ಎಂಟ್ರಿ ಮಾಡಿದ್ದೆವು. ನಲ್ಲಿ ನೀರು ಬರುವುದು ಪಂಚಾಯಿತಿ ಬೋರಿನಿಂದ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತೆ. ಮುದ್ದೆ, ಅನ್ನ, ಬೇಳೆ ಎಲ್ಲ ಅದರಲ್ಲೇ ಬೇಯಬೇಕು. ಟೀ ಸೊಪ್ಪಿನಲ್ಲಿ ಮೊದಲೇ ಫ್ಲೋರೈಡ್ ಇರುತ್ತೆ, ಅದನ್ನು ಕುದಿಸೋದೂ ಇದೇ ನೀರಿನಲ್ಲಿ. ಮನೆಯಲ್ಲಿ ದಿನಾ ಎರಡು ಹೊತ್ತು ಎಸರಿಡುವ ನನಗೇ ಇದು ಹೊಳೆಯಲಿಲ್ಲ. ಡ್ರಾಪ್‌ಡೌನ್ ಬರೆದ ಗಂಡಸರಿಗೆ ಹೊಳೆಯುವುದು ದೂರದ ಮಾತು.

ಡ್ರಮ್ಮಿನಿಂದ ಒಂದು ಬಾಟಲಿ ತುಂಬಿಸಿಕೊಂಡೆ. ಅದಕ್ಕೆ ಐಡಿ ಇಲ್ಲ, ಒಂದು ಮನೆಗೆ ಒಂದೇ ಬಾರ್‌ಕೋಡ್. ಬಾಟಲಿ ಮೇಲೆ ಪೆನ್ನಿನಲ್ಲಿ "ಅಜ್ಜಿ" ಅಂತ ಬರೆದೆ. ಟೆಕ್ನಿಷಿಯನ್ ಏನೂ ಕೇಳದೆ ರನ್ ಮಾಡಿದ. 1.5ರ ದುಪ್ಪಟ್ಟು ದಾಟಿತ್ತು.

ಬೆಂಗಳೂರಿಗೆ ಹೇಳಿದರೆ ಎಲ್ಲರಿಗೂ ಖುಷಿ. "ಎಕ್ಸಲೆಂಟ್ ಇನ್‌ಸೈಟ್" ಅಂದರು. ಸರಿ, ಹೊಸ ಪ್ರಶ್ನೆ ಸೇರಿಸಿ ಅಂದರೆ ಅಮೆಂಡ್‌ಮೆಂಟ್ ಬೇಕು, ಐಇಸಿಯ ಮುಂದಿನ ಸಭೆ ತನಕ ಕಾಯಿರಿ. ಟ್ಯಾಬ್‌ನ ಫಾರ್ಮ್ ಬದಲಿಸೋಕೆ ವೆಂಡರ್‌ಗೆ ಇನ್ನೊಂದು ಇನ್‌ವಾಯ್ಸ್. ಅಲ್ಲಿ ತನಕ ನಮ್ಮ ಹುಡುಗರು ರಿಮಾರ್ಕ್ಸ್ ಕಾಲಂನಲ್ಲಿ ಬರೆದರು. ಮುದ್ದೆಗೆ ಡ್ರಮ್, ಟೀಗೆ ಡ್ರಮ್, ಕುಡಿಯೋಕೆ ಕ್ಯಾನ್, ಕ್ಯಾನ್ ಖಾಲಿಯಾದರೆ ಡ್ರಮ್. ಫ್ರೀ ಟೆಕ್ಸ್ಟ್ ಅನಲೈಸ್ ಆಗಲ್ಲ ಅಂತ ಡೇಟಾ ಮ್ಯಾನೇಜರ್ ಪ್ರತಿ ಸಾಲಿಗೂ ಕ್ವೆರಿ ಎತ್ತಿದ. ಈಗಲೂ ನನ್ನ ಡ್ಯಾಶ್‌ಬೋರ್ಡ್‌ನಲ್ಲಿ ಕ್ವೆರಿಗಳು ಓಪನ್ ಆಗೇ ಇವೆ. ನಾನು ಮುಚ್ಚುವುದಿಲ್ಲ. ಇಡೀ ಸ್ಟಡಿಯಲ್ಲಿ ನನಗೆ ನಂಬಿಕೆ ಇರುವ ಕಾಲಂ ಅದೊಂದೇ.

ನಮ್ಮ ಹೊಸ ಹುಡುಗರಿಗೆ ಈಗ ನಾನು ಹೇಳೋದು ಇಷ್ಟೇ. ಬಾಗಿಲಲ್ಲಿ ನಿಂತು ಬಾಟಲಿ ತುಂಬಿಸಬೇಡಿ, ಒಲೆ ಹತ್ತಿರ ಹೋಗಿ ಕೇಳಿ. ಮತ್ತೆ ಲ್ಯಾಬನ್ನು ಬೈಯುವ ಮುಂಚೆ ರಿಜಿಸ್ಟರ್ ಓದಿ.

ಕಳೆದ ತಿಂಗಳು ರಿಪೋರ್ಟಿನ ಡ್ರಾಫ್ಟ್ ಬಂತು. ಶಿಫಾರಸುಗಳಲ್ಲಿ ಮೊದಲನೆಯದು, "ಅಡುಗೆಗೂ ಶುದ್ಧೀಕರಿಸಿದ ನೀರನ್ನೇ ಬಳಸುವಂತೆ ಸಮುದಾಯಕ್ಕೆ ಅರಿವು ಮೂಡಿಸುವುದು." ಇದನ್ನೇ ನಾನು ಅಜ್ಜಿಗೆ ಹೇಳಿ ನೋಡಿದ್ದೆ. ಅವರು ಅಲ್ಲೇ ಲೆಕ್ಕ ಹಾಕಿದ್ದರು. ಈಗ ದಿನಕ್ಕೆ ಒಂದು ಕ್ಯಾನ್, 5 ರೂಪಾಯಿ ಕಾಯಿನ್. ಅಡುಗೆಗೂ ಅಂದರೆ ಇನ್ನೂ ಎರಡು. ಘಟಕ ಇರೋದು ಊರಾಚೆ. ಮಗ, ಸೊಸೆ ಬೆಳಗ್ಗೆಯೇ ಕೂಲಿಗೆ ಹೋಗುತ್ತಾರೆ. ಅಜ್ಜಿಗೆ ಮಂಡಿ ಬಗ್ಗಲ್ಲ, ಅದೂ ಇದೇ ನೀರಿನ ಕೊಡುಗೆ ಇರಬಹುದು. ಕರೆಂಟ್ ಇಲ್ಲದ ಹೊತ್ತಿನಲ್ಲಿ ಹೋದರೆ ಘಟಕ ಓಡಲ್ಲ. ಅತ್ತ ತಿರುಮಣಿ ಕಡೆ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಫಳಫಳ ಹೊಳೆಯುತ್ತಿರುತ್ತೆ.

ಡ್ರಾಫ್ಟಿನ ಆ ಸಾಲಿಗೆ ನಾನೊಂದು ಕಾಮೆಂಟ್ ಹಾಕಿದೆ. "ಕ್ಯಾನ್ ಹೊರೋರು ಯಾರು?"

ಮರುದಿನ ನೋಡಿದರೆ ಯಾರೋ ಅದಕ್ಕೆ "ರಿಸಾಲ್ವ್ಡ್" ಅಂತ ಟಿಕ್ ಹಾಕಿದ್ದರು. ಸಾಲು ಹಾಗೇ ಇತ್ತು.