ಕಂಪ್ಯೂಟರ್ ಸದ್ದು ಇಳಿಯಬೇಕೆಂದರೆ ಮೊದಲು ವಾಟ್ ಇಳಿಸಿ

ಡೆಸ್ಕ್‌ಟಾಪ್ ಸದ್ದು ಮಾಡುತ್ತಿದೆ ಎಂದ ಕೂಡಲೇ ಎಲ್ಲರೂ ಹುಡುಕುವುದು ದುಬಾರಿ ಫ್ಯಾನುಗಳನ್ನು. ಆದರೆ ಫ್ಯಾನಿನ ಸರದಿ ಬರುವುದು ಕೊನೆಗೆ. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಎಳೆದುಕೊಂಡ ಕರೆಂಟೆಲ್ಲ ಬಿಸಿಯಾಗಿಯೇ ಹೊರಬೀಳುತ್ತದೆ. ಆ ಬಿಸಿಯನ್ನು ಆಚೆ ಹಾಕಲು ಗಾಳಿ ಬೇಕು, ಗಾಳಿ ರಭಸವಾಗಿ ಹರಿದರೆ ಸದ್ದು. ಹಾಗಾಗಿ ಬಿಸಿಯನ್ನೇ ಕಡಿಮೆ ಮಾಡಿ, ಉಳಿದದ್ದನ್ನು ನಿಧಾನವಾಗಿ ತಿರುಗುವ ದೊಡ್ಡ ಫ್ಯಾನುಗಳಿಗೆ ಬಿಡಬೇಕು. ಈ ಬರಹದ ಉದ್ದಕ್ಕೂ ಇದೇ ಮಾತು ಬೇರೆ ಬೇರೆ ಭಾಗಗಳಿಗೆ ಅನ್ವಯವಾಗುತ್ತದೆ.

ಫ್ಯಾನಿನ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಮುಂದಿನದೆಲ್ಲ ಸಲೀಸು. ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಇನ್ನು ಒಂದೇ ಥರದ ಎರಡು ಫ್ಯಾನ್ ಒಟ್ಟಿಗೆ ತಿರುಗಿದರೆ ಹೆಚ್ಚುವುದು ಬರೀ 3 ಡೆಸಿಬಲ್. ಅಂದರೆ 1500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಸುತ್ತು ಎಂಬ ಲೆಕ್ಕ) ತಿರುಗುವ ಒಂದು ಫ್ಯಾನಿನ ಜಾಗದಲ್ಲಿ 750ರಲ್ಲಿ ತಿರುಗುವ ಎರಡು ಹಾಕಿದರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು ಸುಮಾರು 12 ಡೆಸಿಬಲ್ ಕಡಿಮೆ. ಒಳ್ಳೆಯ 120 ಮಿ.ಮೀ. ಫ್ಯಾನು 700ರಿಂದ 800 ಆರ್‌ಪಿಎಂನಲ್ಲಿ ಮೇಜಿನ ಕೆಳಗಿದ್ದರೆ ರಾತ್ರಿಯ ಕೋಣೆಯಲ್ಲೂ ಕೇಳಿಸುವುದು ಕಷ್ಟ. 1200 ದಾಟಿದರೆ ಯಾರಿಗಾದರೂ ಕೇಳಿಸುತ್ತದೆ.

ಆ ನಿಧಾನದ ಗಾಳಿ ಸಾಲುತ್ತದೆಯೇ? ಒಟ್ಟು 250 ವಾಟ್ ಬಿಸಿಯನ್ನು ಹೊರಹಾಕಬೇಕು, ಒಳಗಿನ ಗಾಳಿ ಕೋಣೆಗಿಂತ 10 ಡಿಗ್ರಿ ಮಾತ್ರ ಬೆಚ್ಚಗಾಗಬಹುದು ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 75 ಘನ ಮೀಟರ್ ಗಾಳಿ ಬೇಕು. 1800 ಆರ್‌ಪಿಎಂನಲ್ಲಿ 95 ಘನ ಮೀಟರ್ ಎಂದು ಡಬ್ಬಿಯ ಮೇಲೆ ಬರೆದಿರುವ ಫ್ಯಾನು 800ರಲ್ಲಿ ಕೊಡುವುದು ಸುಮಾರು 42. ಮೂರು ಫ್ಯಾನಿಗೆ 126. ಧೂಳಿನ ಫಿಲ್ಟರ್, ಜಾಲರಿ, ಒಳಗಿನ ಅಡ್ಡಿಗಳಿಗೆಂದು ಅರ್ಧ ಕಳೆದುಬಿಡಿ, ಉಳಿಯುವುದು 63. ಅಷ್ಟು ಗಾಳಿಗೆ ಒಳಗಿನ ತಾಪ 12 ಡಿಗ್ರಿ ಏರುತ್ತದೆ, ಅದೇನೂ ಅಪಾಯವಲ್ಲ. ಅದೇ ಯಂತ್ರ 500 ವಾಟ್ ಎಳೆದರೆ ಏರಿಕೆ 24 ಡಿಗ್ರಿ. ಅಲ್ಲಿಗೆ ಫ್ಯಾನುಗಳು ಕಿರುಚಲೇಬೇಕು, ಯಾವ ಕಂಪನಿಯ ಫ್ಯಾನಾದರೂ ಅಷ್ಟೇ.

ಪ್ರೊಸೆಸರ್ ಆರಿಸುವಾಗ ಡಬ್ಬಿಯ ಮೇಲಿನ ಟಿಡಿಪಿ, ಅಂದರೆ ಎಷ್ಟು ವಾಟ್ ಬಿಸಿ ಎಂದು ತಯಾರಕರು ಹೇಳುವ ಅಂಕಿ ನೋಡಿ ಮೋಸಹೋಗಬೇಡಿ. ಎಎಂಡಿ ರೈಜ಼ೆನ್ 5 7600ಕ್ಕೆ ಬರೆದಿರುವುದು 65 ವಾಟ್, ಮದರ್‌ಬೋರ್ಡಿನ ಸಾಕೆಟ್‌ನಿಂದ ಎಳೆಯಲು ಅದಕ್ಕಿರುವ ಮಿತಿ 88. ರೈಜ಼ೆನ್ 9 7950ಎಕ್ಸ್‌ಗೆ ಬರೆದಿರುವುದು 170, ಮಿತಿ 230. ಇಂಟೆಲ್ ಕೋರ್ ಐ9-13900ಕೆ 253 ವಾಟ್‌ವರೆಗೆ ಹೋಗುತ್ತದೆ. ನಿಶ್ಶಬ್ದವೇ ಗುರಿಯಾದರೆ 88 ವಾಟ್‌ನ ವರ್ಗದಲ್ಲೇ ಇರುವುದು ಜಾಣತನ. ದೊಡ್ಡ ಪ್ರೊಸೆಸರ್ ಬೇಕೇ ಬೇಕೆಂದರೆ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್) ಪ್ರೊಸೆಸರ್ ವಾಟ್ ಇಳಿಸುವ ಎಕೋ ಮೋಡ್ ಹಾಕಿ 65 ವಾಟ್ ಆರಿಸಿ. 7950ಎಕ್ಸ್ ಕೂಡ 88 ವಾಟ್‌ನೊಳಗೆ ನಿಲ್ಲುತ್ತದೆ. ಇಂಟೆಲ್‌ನಲ್ಲಿ ಪಿಎಲ್1, ಪಿಎಲ್2 ಎಂಬ ಎರಡು ವಾಟ್ ಮಿತಿಗಳನ್ನು ಕೈಯಾರೆ ತುಂಬಬೇಕು. ಹಲವು ಮದರ್‌ಬೋರ್ಡ್‌ಗಳು ಈ ಮಿತಿಯನ್ನು ತಾವಾಗಿಯೇ ತೆಗೆದುಹಾಕಿರುತ್ತವೆ, ಅದನ್ನು ಮೊದಲು ನೋಡಿ. ರೈಜ಼ೆನ್‌ನಲ್ಲಿ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜ಼ರ್ ಅನ್ನು ಎಲ್ಲ ಕೋರ್‌ಗಳಿಗೂ ಮೈನಸ್ 10ರಿಂದ ಶುರುಮಾಡಿ 20ರವರೆಗೆ ಇಳಿಸಬಹುದು. ಇಲ್ಲೊಂದು ಎಚ್ಚರ: ಹೆಚ್ಚು ಇಳಿಸಿದಾಗ ಯಂತ್ರ ಸಾಮಾನ್ಯವಾಗಿ ಕೈಕೊಡುವುದು ಭಾರದ ಕೆಲಸದಲ್ಲಲ್ಲ, ಸುಮ್ಮನಿದ್ದಾಗ. ಒಂದು ಗಂಟೆ ರೆಂಡರ್ ಸಲೀಸಾಗಿ ಮುಗಿಸಿದ ಯಂತ್ರ ರಾತ್ರಿ ಖಾಲಿ ಇದ್ದಾಗ ತಾನಾಗಿ ರೀಸ್ಟಾರ್ಟ್ ಆಗಿದ್ದರೆ ಸೊನ್ನೆಯ ಕಡೆಗೆ 5 ಅಂಕಿ ಹಿಂದಕ್ಕೆ ಬನ್ನಿ.

ಹೀಟ್‌ಸಿಂಕ್, ಅಂದರೆ ಪ್ರೊಸೆಸರ್ ಬಿಸಿ ಹೀರುವ ಲೋಹದ ಕೂಲರ್ ವಿಷಯದಲ್ಲಿ ಮಾತ್ರ ಧಾರಾಳವಾಗಿರಿ. 88 ವಾಟ್‌ನ ಪ್ರೊಸೆಸರ್‌ಗೆ ಎರಡು ಗೋಪುರದ, ಆರು ಹೀಟ್‌ಪೈಪಿನ ಕೂಲರ್ ಅತಿಯೆನಿಸಬಹುದು, ಆದರೆ ಆ ಅತಿಯೇ ಫ್ಯಾನನ್ನು 700ರಲ್ಲಿ ನಿಲ್ಲಿಸುತ್ತದೆ. ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ ಎತ್ತರ 155 ಮಿ.ಮೀ., ನಾಕ್ಟುವಾ ಎನ್‌ಎಚ್-ಡಿ15 165 ಮಿ.ಮೀ. ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂದು ಕೊಳ್ಳುವ ಮೊದಲೇ ನೋಡಿ. ಮುಂದಿನ ಫ್ಯಾನು ಎತ್ತರದ ರ‍್ಯಾಮ್ ಮೇಲೆ ಕೂತರೆ ಅದನ್ನು ಒಂದಷ್ಟು ಮೇಲೆ ಸರಿಸಬೇಕಾಗುತ್ತದೆ, ಆ ಜಾಗವನ್ನೂ ಲೆಕ್ಕಕ್ಕೆ ಸೇರಿಸಿ. ನೀರಿನ ಕೂಲರ್ ಈ ಕೆಲಸಕ್ಕೆ ಬೇಡವೆಂದೇ ನನ್ನ ಅಭಿಪ್ರಾಯ. ಪಂಪು ಸದಾ ಓಡುತ್ತಿರುತ್ತದೆ, ಒಳಗೆ ಗಾಳಿಗುಳ್ಳೆ ಸೇರಿದರೆ ಗುಳುಗುಳು ಎನ್ನುತ್ತದೆ.

ಕೂಡಿಸುವಾಗ ಹೆಚ್ಚಿನವರು ತಪ್ಪುವ ಜಾಗಗಳು ನಾಲ್ಕೈದೇ. ಕೂಲರ್ ತಳಕ್ಕೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆಯುವುದು ಮೊದಲನೆಯದು. ಯಂತ್ರ ಶುರುವಾದ ಕೆಲವೇ ನಿಮಿಷಗಳಲ್ಲಿ ತಾಪ 95ಕ್ಕೆ ಅಂಟಿಕೊಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಥರ್ಮಲ್ ಪೇಸ್ಟ್ ಒಂದು ಬಟಾಣಿ ಕಾಳಿನಷ್ಟು ನಡುವೆ ಇಟ್ಟರೆ ಸಾಕು, ಕೂಲರ್ ಒತ್ತಡಕ್ಕೆ ತಾನೇ ಹರಡಿಕೊಳ್ಳುತ್ತದೆ. ಉದ್ದನೆಯ ಪ್ರೊಸೆಸರ್ ಆದರೆ ಮೂಲೆಯಿಂದ ಮೂಲೆಗೆ ತೆಳುವಾಗಿ ಎರಡು ಗೆರೆ ಎಳೆಯಿರಿ. ಸ್ಕ್ರೂಗಳನ್ನು ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ, ಆ ಕಡೆ ಎರಡು ಸುತ್ತು, ಈ ಕಡೆ ಎರಡು ಸುತ್ತು ಎಂದು ಸಮವಾಗಿ ಇಳಿಸಿ, ಸ್ಕ್ರೂ ತಾನಾಗಿ ನಿಂತಲ್ಲಿ ನಿಲ್ಲಿಸಿ. ಫ್ಯಾನಿನ ಚೌಕಟ್ಟಿನ ಬದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣದ ಗುರುತಿದ್ದರೆ ಅದನ್ನು ನೋಡಿಕೊಳ್ಳಿ. ಗುರುತಿಲ್ಲದಿದ್ದರೆ ಹೀಗೆ ನೆನಪಿಡಿ: ಮೋಟಾರನ್ನು ಹಿಡಿದ ಅಡ್ಡಕಡ್ಡಿಗಳು ಕಾಣುವ ಬದಿಯಿಂದ ಗಾಳಿ ಹೊರಬರುತ್ತದೆ. ಕೂಲರ್ ಫ್ಯಾನಿನ ವೈರು ಸಿಪಿಯು ಫ್ಯಾನ್ ಎಂದು ಬರೆದ ಪಿನ್ನುಗಳಿಗೇ ಹೋಗಬೇಕು, ಇಲ್ಲದಿದ್ದರೆ ಹಲವು ಬೋರ್ಡುಗಳು ಶುರುವಾಗುವಾಗಲೇ ತಕರಾರು ತೆಗೆಯುತ್ತವೆ.

ಕ್ಯಾಬಿನೆಟ್ ಬಗ್ಗೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿದೆ: ಸುತ್ತ ಮುಚ್ಚಿ ಫೋಮ್ ಹಚ್ಚಿದರೆ ಸದ್ದು ಒಳಗೇ ಉಳಿಯುತ್ತದೆ ಎಂದು. ಫೋಮ್ ಕಿರ್ರೆನ್ನುವ ಸಣ್ಣ ಸದ್ದನ್ನು ಒಂದಿಷ್ಟು ತಡೆಯುತ್ತದೆ, ಗುಂಯ್ ಎನ್ನುವ ಮಂದ್ರದ ಸದ್ದಿಗೆ ಅದು ಲೆಕ್ಕಕ್ಕಿಲ್ಲ. ಮುಚ್ಚಿದ್ದರಿಂದ ಗಾಳಿ ಕಟ್ಟಿ ಫ್ಯಾನುಗಳ ವೇಗವೂ ಏರುತ್ತದೆ. ಮುಂಭಾಗವೆಲ್ಲ ಜಾಲರಿ ಇರುವ ಕ್ಯಾಬಿನೆಟ್, ಮುಂದೆ ಗಾಳಿ ಒಳಗೆಳೆಯುವ ಎರಡೋ ಮೂರೋ ಫ್ಯಾನು, ಹಿಂದೆ ಹೊರಹಾಕುವ ಒಂದು, ಇಷ್ಟು ಸಾಕು. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಸಂದುಗೊಂದುಗಳಿಂದ ಧೂಳು ನುಗ್ಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಡಿಮೆ ಬೆಲೆಗೆ ಬಣ್ಣದ ದೀಪದ ಫ್ಯಾನು ಮೊದಲೇ ಜೋಡಿಸಿದ ಕ್ಯಾಬಿನೆಟ್ ಕೊಳ್ಳುವಾಗ ಅವುಗಳ ವೈರಿನ ತುದಿ ಬಿಚ್ಚಿ ತೋರಿಸಲು ಹೇಳಿ. ನಾಲ್ಕು ದಪ್ಪ ಪಿನ್ನಿನ ಮೋಲೆಕ್ಸ್ ಇದ್ದರೆ ಆ ಫ್ಯಾನುಗಳು ಸದಾ 12 ವೋಲ್ಟ್‌ನಲ್ಲಿ ಪೂರ್ಣ ವೇಗಕ್ಕೆ ತಿರುಗುತ್ತವೆ, ಮದರ್‌ಬೋರ್ಡ್ ಅವುಗಳನ್ನು ಹಿಡಿತಕ್ಕೆ ತೆಗೆದುಕೊಳ್ಳಲಾರದು. ಮದರ್‌ಬೋರ್ಡ್ ವೇಗ ಏರಿಳಿಸಬಲ್ಲ, ನಾಲ್ಕು ಸಣ್ಣ ಪಿನ್ನಿನ ಪಿಡಬ್ಲ್ಯುಎಂ ಫ್ಯಾನು ಬೇಕು. ಮದರ್‌ಬೋರ್ಡಿನ ಒಂದು ಫ್ಯಾನ್ ಕನೆಕ್ಟರ್ ಸಾಮಾನ್ಯವಾಗಿ 1 ಆಂಪಿಯರ್ ಕೊಡುತ್ತದೆ. ಸ್ಪ್ಲಿಟರ್ ಹಾಕಿ ಮೂರು ಫ್ಯಾನು ಜೋಡಿಸುವ ಮುನ್ನ ಫ್ಯಾನಿನ ಮೇಲೆ ಬರೆದ ಆಂಪಿಯರ್ ಕೂಡಿಸಿ ನೋಡಿ.

ಇನ್ನು ಫ್ಯಾನ್ ಕರ್ವ್, ಅಂದರೆ ಯಾವ ತಾಪಕ್ಕೆ ಫ್ಯಾನು ಎಷ್ಟು ವೇಗವಾಗಿ ತಿರುಗಬೇಕೆಂದು ಹೇಳುವ ಗೆರೆ. ನಿಶ್ಶಬ್ದದ ಅರ್ಧ ಪಾಲು ಇಲ್ಲೇ ಇದೆ, ಬಿಡಿಗಾಸಿನ ಖರ್ಚಿಲ್ಲ. ಕಿವಿಗೆ ಒಂದೇ ಸಮನಾದ ಸದ್ದು ಬೇಗ ಒಗ್ಗುತ್ತದೆ, ಏರಿಳಿಯುವ ಸದ್ದು ಮಾತ್ರ ಒಗ್ಗುವುದೇ ಇಲ್ಲ. ಈಗಿನ ಪ್ರೊಸೆಸರ್‌ಗಳು ಬ್ರೌಸರ್ ತೆರೆದ ಒಂದು ಸೆಕೆಂಡಿನಲ್ಲಿ 45ರಿಂದ 60 ಡಿಗ್ರಿಗೆ ಹಾರಿ ಮತ್ತೆ ಇಳಿಯುತ್ತವೆ. ಬೋರ್ಡಿನ ಸಿದ್ಧ ಕರ್ವ್ ಆ ಹಾರಾಟವನ್ನೆಲ್ಲ ಹಿಂಬಾಲಿಸಿ ಭರ್ರ್ ಎಂದು ಎದ್ದು ಮತ್ತೆ ಮಲಗುತ್ತದೆ. ಆ ಒಂದು ಸೆಕೆಂಡಿನ ಏರಿಕೆಗೆ ಫ್ಯಾನು ಓಗೊಡಬೇಕಾದ ಅಗತ್ಯವೇ ಇಲ್ಲ, ಹೀಟ್‌ಸಿಂಕಿನ ಲೋಹ ಅದನ್ನು ನುಂಗಿಕೊಳ್ಳುತ್ತದೆ.

ಮೊದಲು ಫ್ಯಾನಿನ ಕನಿಷ್ಠ ವೇಗ ಹುಡುಕಿ. ಬಯೋಸ್‌ನಲ್ಲಿ ಶೇಕಡಾವಾರು ಇಳಿಸುತ್ತ ಹೋಗಿ, ನಿಂತ ಮೇಲೆ ಮತ್ತೆ ಏರಿಸುತ್ತ ಬನ್ನಿ, ತಿರುಗಲು ಶುರುವಾದ ಅಂಕಿಗೆ 5 ಸೇರಿಸಿ. ಅದು ನಿಮ್ಮ ನೆಲ. ನಂತರ 65 ಡಿಗ್ರಿವರೆಗೆ ಕರ್ವ್ ಚಪ್ಪಟೆಯಾಗಿ ಇರಲಿ, ಸುಮಾರು 650ರಿಂದ 700 ಆರ್‌ಪಿಎಂ. ಅಲ್ಲಿಂದ 80 ಡಿಗ್ರಿಗೆ 900, 88ಕ್ಕೆ 1200, 93ಕ್ಕೆ ಪೂರ್ಣ ವೇಗ. ರೈಜ಼ೆನ್ 7600ಕ್ಕೆ ತಯಾರಕರೇ ಇಟ್ಟಿರುವ ಮಿತಿ 95 ಡಿಗ್ರಿ, ಆದ್ದರಿಂದ 80 ಎಂದರೆ ಗಾಬರಿ ಬೇಡ. ವೇಗ ಏರುವ ಮೊದಲು ಕೆಲವು ಸೆಕೆಂಡು ಕಾಯುವ ಆಯ್ಕೆ ಬಯೋಸ್‌ನಲ್ಲಿದ್ದರೆ ಹೆಚ್ಚೆಂದರೆ ಎಷ್ಟಿದೆಯೋ ಅಷ್ಟು ಕೊಡಿ. ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ: ತಾಪದ 10 ಸೆಕೆಂಡಿನ ಸರಾಸರಿ ತೆಗೆದು ಅದರ ಮೇಲೆ ಕರ್ವ್ ಕಟ್ಟಬಹುದು, ಕ್ಯಾಬಿನೆಟ್ ಫ್ಯಾನುಗಳನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡರಲ್ಲಿ ಯಾವುದು ಬಿಸಿಯೋ ಅದಕ್ಕೆ ಕಟ್ಟಿಹಾಕಬಹುದು. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಹಾಕಿ ಪಿಡಬ್ಲ್ಯುಎಂಕಾನ್ಫಿಗ್ ಓಡಿಸಿದರೆ ಯಾವ ಫ್ಯಾನು ಎಷ್ಟಕ್ಕೆ ನಿಲ್ಲುತ್ತದೆ ಎಂದು ಅದೇ ಪರೀಕ್ಷಿಸಿ ಹೇಳುತ್ತದೆ.

ಎಲ್ಲ ಸರಿಯಿದ್ದೂ ವೂಂ... ವೂಂ... ಎಂದು ಅಲೆಯಲೆಯಾಗಿ ಕೇಳಿದರೆ ಎರಡು ಫ್ಯಾನುಗಳ ವೇಗ ಹತ್ತಿರ ಹತ್ತಿರ ಇದೆ ಎಂದರ್ಥ, ಒಂದು 750 ಇನ್ನೊಂದು 770 ಎನ್ನುವ ಹಾಗೆ. ಒಂದನ್ನು 100 ಆರ್‌ಪಿಎಂ ಆಚೀಚೆ ಸರಿಸಿ, ಅಲೆ ಮಾಯವಾಗುತ್ತದೆ. ಯಾವುದೋ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕ್ಯಾಬಿನೆಟ್ ತಗಡು ಗುಂಯ್‌ಗುಟ್ಟಿದರೆ ಕರ್ವ್ ಆ ವೇಗದಲ್ಲಿ ನಿಲ್ಲದೆ ದಾಟಿಹೋಗುವಂತೆ ಮೆಟ್ಟಿಲು ಮಾಡಿ.

ಗ್ರಾಫಿಕ್ಸ್ ಕಾರ್ಡ್ ಆಟದ ಹೊತ್ತಿನಲ್ಲಿ ಎಲ್ಲಕ್ಕಿಂತ ಜೋರು. ಅಲ್ಲೂ ವಾಟ್‌ನಿಂದಲೇ ಶುರು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಪವರ್ ಲಿಮಿಟ್ ಶೇಕಡಾ 80ಕ್ಕೆ ಇಳಿಸಿದರೆ 200 ವಾಟ್‌ನ ಆರ್‌ಟಿಎಕ್ಸ್ 4070 160 ವಾಟ್‌ನಲ್ಲಿ ನಿಲ್ಲುತ್ತದೆ. ಫ್ರೇಮುಗಳ (ಸೆಕೆಂಡಿಗೆ ಮೂಡುವ ಚಿತ್ರಗಳ) ಇಳಿಕೆ ಕಣ್ಣಿಗೆ ಕಾಣುವಷ್ಟಿರುವುದಿಲ್ಲ. ಫ್ರೇಮುಗಳನ್ನು ಮಾನಿಟರ್ ತೋರಿಸಬಲ್ಲಷ್ಟಕ್ಕೇ ಮಿತಿಗೊಳಿಸಿದರೆ ಇನ್ನಷ್ಟು ಲಾಭ. ಕಾರ್ಡಿನಿಂದ ಬರುವ ಚಿರ್ರೆನ್ನುವ ಕಾಯಿಲ್ (ತಂತಿಸುರುಳಿ) ಸದ್ದು ಇಳಿಯಲು ಇರುವ ನಿಜವಾದ ದಾರಿಯೂ ಇದೇ, ಮೆನುವಿನಲ್ಲಿ 900 ಫ್ರೇಮ್ ಓಡುವಾಗ ಅದು ಅತಿ ಜೋರು. ಕೆಲಸ ಕಡಿಮೆಯಿದ್ದಾಗ ಫ್ಯಾನು ಪೂರ್ತಿ ನಿಲ್ಲುವ ಕಾರ್ಡುಗಳಲ್ಲಿ ಒಂದು ಕಾಟವಿದೆ: ತಾಪ ಆ ಗಡಿಯಲ್ಲೇ ತೂಗಾಡುತ್ತಿದ್ದರೆ ನಿಮಿಷಕ್ಕೊಮ್ಮೆ ಫ್ಯಾನು ಎದ್ದು ಮಲಗುತ್ತದೆ. ಆಗ ನಿಲ್ಲುವ ಸೌಲಭ್ಯ ತೆಗೆದು ಕನಿಷ್ಠ ವೇಗದಲ್ಲಿ ಸದಾ ತಿರುಗಲು ಬಿಡಿ. 144 ಹರ್ಟ್ಸ್‌ನ ಎರಡು ಮಾನಿಟರ್ ಜೋಡಿಸಿದಾಗ ಕೆಲವು ಕಾರ್ಡುಗಳ ಮೆಮೊರಿ ಸುಮ್ಮನಿದ್ದಾಗಲೂ ಪೂರ್ಣ ವೇಗದಲ್ಲೇ ಇರುತ್ತದೆ. ಎರಡನೆಯದನ್ನು 60ಕ್ಕೆ ಇಳಿಸಿ ನೋಡಿ.

ಯಂತ್ರಕ್ಕೆ ಕರೆಂಟು ಕೊಡುವ ಪೆಟ್ಟಿಗೆ, ಎಸ್‌ಎಂಪಿಎಸ್, ಬೇಕಾದದ್ದಕ್ಕಿಂತ ದೊಡ್ಡದಿರಲಿ. 250 ವಾಟ್ ಯಂತ್ರಕ್ಕೆ 650 ವಾಟ್‌ನ ಗೋಲ್ಡ್ ದರ್ಜೆಯದು ಹಾಕಿದರೆ ಅದರ ಫ್ಯಾನು ಬಹುಪಾಲು ಹೊತ್ತು ಸುಮ್ಮನಿರುತ್ತದೆ. ಹಾರ್ಡ್ ಡಿಸ್ಕ್ ಈ ಯಂತ್ರದೊಳಗೆ ಬೇಡವೇ ಬೇಡ. 7200 ಆರ್‌ಪಿಎಂ ಎಂದರೆ ಸೆಕೆಂಡಿಗೆ 120 ಸುತ್ತು, ಆ ನಡುಕ ತಗಡಿಗೆ ದಾಟಿ ಮೇಜಿಗೂ ಇಳಿಯುತ್ತದೆ. ಎಸ್‌ಎಸ್‌ಡಿ ಹಾಕಿ, ಹಳೆಯ ಡಿಸ್ಕನ್ನು ಬೇಕಾದಾಗ ಹೊರಗಿಂದ ಜೋಡಿಸಿಕೊಳ್ಳಿ.

ಉಳಿದ ಸದ್ದು ಎಲ್ಲಿಂದ ಎಂದು ತಿಳಿಯದಿದ್ದರೆ ದಿನಪತ್ರಿಕೆಯ ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ. ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ತಿರುಗುವ ರೆಕ್ಕೆಗಳಿಗೆ ತಾಗದಂತೆ ಪ್ರತಿ ಫ್ಯಾನಿನ ಹತ್ತಿರ, ಎಸ್‌ಎಂಪಿಎಸ್ ಹತ್ತಿರ, ಕಾರ್ಡಿನ ಹತ್ತಿರ ಒಯ್ಯಿರಿ. ಗೊರಗೊರ ಎಂದರೆ ಬೇರಿಂಗ್ ಸವೆದಿದೆ, ಚಿರ್ರ್ ಎಂದರೆ ಕಾಯಿಲ್, ಟಿಕ್ ಟಿಕ್ ಎಂದರೆ ಯಾವುದೋ ವೈರು ರೆಕ್ಕೆಗೆ ತಾಗುತ್ತಿದೆ.

ಜಾಗದ ಮಾತು. ನಮ್ಮ ಕಂಪ್ಯೂಟರ್ ಟೇಬಲ್ಲುಗಳಲ್ಲಿ ಸಿಪಿಯು ಇಡಲೆಂದು ಮಾಡಿರುವ ಗೂಡು ಮೂರು ಕಡೆ ಮುಚ್ಚಿರುತ್ತದೆ. ಹಿಂದಿನಿಂದ ಹೊರಬಂದ ಬಿಸಿಗಾಳಿ ಹಲಗೆಗೆ ಬಡಿದು ಸುತ್ತಿಕೊಂಡು ಮುಂದಿನ ಜಾಲರಿಗೇ ಮರಳುತ್ತದೆ. ಹಿಂದಿನ ಹಲಗೆ ಬಿಚ್ಚಿಸಿ, ಇಲ್ಲವೇ ಯಂತ್ರವನ್ನು ಹೊರಗಿಟ್ಟು ಗೋಡೆಗೆ ಒಂದು ಗೇಣು ಅಂತರ ಬಿಡಿ. ಧೂಳಿಗೆಂದು ಸೊಳ್ಳೆ ಪರದೆಯ ಬಟ್ಟೆಯನ್ನು ಫ್ಯಾನಿಗೇ ಅಂಟಿಸಿ ಕಟ್ಟುವವರಿದ್ದಾರೆ, ಅದರಿಂದ ಗಾಳಿ ಕಡಿಮೆಯಾಗುವುದಲ್ಲದೆ ಹೊಸದೊಂದು ಸಿಳ್ಳೆಯೂ ಹುಟ್ಟುತ್ತದೆ. ರೆಕ್ಕೆಗೂ ಬಟ್ಟೆಗೂ ಎರಡು ಬೆರಳಿನ ಅಂತರವಿರಲಿ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು ಒಣಗಿಸಿ. ಬ್ಲೋವರ್ ಹಿಡಿಯುವಾಗ ರೆಕ್ಕೆಗಳನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಗಾಳಿಗೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಕೋಣೆ 10 ಡಿಗ್ರಿ ಬಿಸಿಯಾದರೆ ಪ್ರೊಸೆಸರ್ರೂ ಸುಮಾರು 10 ಡಿಗ್ರಿ ಏರುತ್ತದೆ. ಡಿಸೆಂಬರ್‌ನಲ್ಲಿ ಕೂಡಿಸಿದ ಕರ್ವ್ ಕಲಬುರಗಿಯ, ರಾಯಚೂರಿನ 40 ದಾಟಿದ ಬೇಸಿಗೆಯಲ್ಲಿ ಮೊದಲ ಮೆಟ್ಟಿಲನ್ನು ಸದಾ ದಾಟಿಯೇ ಇರುತ್ತದೆ. ಅದಕ್ಕೆ ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿಕೊಳ್ಳಿ. ಬೇಸಿಗೆಯದರಲ್ಲಿ ಚಪ್ಪಟೆ ಭಾಗವನ್ನು 75 ಡಿಗ್ರಿವರೆಗೆ ಎಳೆದು ಅದರ ವೇಗ 850ಕ್ಕೆ ಏರಿಸಿ; ಆ ತಿಂಗಳುಗಳಲ್ಲಿ ತಲೆಯ ಮೇಲಿನ ಸೀಲಿಂಗ್ ಫ್ಯಾನು ಹೇಗೂ ತಿರುಗುತ್ತಿರುತ್ತದೆ, 850ರ ಸದ್ದು ಅದರಡಿ ಅಡಗಿಹೋಗುತ್ತದೆ. ಮೊದಲ ಮಳೆ ಬಿದ್ದು ಕೋಣೆ ತಂಪಾದ ವಾರ ಹಳೆಯ ಪ್ರೊಫೈಲ್‌ಗೆ ಮರಳಿ.